ವೈಮಾನಿಕ ಕನಸು: ಎಕರೆಗಳ ಲೆಕ್ಕದಲ್ಲಿ ಮರೆತುಹೋದ ಕುಲುಮೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಪ್ರಕಟಿಸಿದರು. ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತಿದ್ದ ರೈತರ ಪಾಲಿಗೆ ಅದು ಗೆಲುವು. ವೈಮಾನಿಕ ಉದ್ಯಮಗಳು ರಾಜ್ಯದ ಕೈತಪ್ಪಲಿವೆ ಎಂಬ ಆತಂಕ ಇನ್ನೊಂದು ಕಡೆ ಎದ್ದಿತು. ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಅದೇ ಹೊತ್ತಿಗೆ ಆ ಉದ್ಯಮಗಳಿಗೆ ಬಹಿರಂಗ ಆಹ್ವಾನ ನೀಡಿದರು. ಪರ-ವಿರೋಧದ ವಾದಗಳೆಲ್ಲ ನೆಲದ ಸುತ್ತಲೇ ಗಿರಕಿ ಹೊಡೆದವು. ಎಷ್ಟು ಎಕರೆ, ಯಾರ ಎಕರೆ, ಎಕರೆಗೆ ಎಷ್ಟು ಎಂಬುದೇ ಚರ್ಚೆಯಾಯಿತು. ಆ ನೆಲದ ಮೇಲೆ ಏನನ್ನು ತಯಾರಿಸಲು ನಮ್ಮವರಿಗೆ ಬರುತ್ತದೆ, ಏನನ್ನು ಬರುವುದಿಲ್ಲ ಎಂಬ ಪ್ರಶ್ನೆ ಮಾತ್ರ ಹೆಚ್ಚು ಕೇಳಿಬರಲಿಲ್ಲ.

ಕೇಳಬೇಕಾಗಿದ್ದುದು ಅದೇ. ವಿಮಾನವಾಗಲಿ, ರಾಕೆಟ್ ಆಗಲಿ, ಅದರ ಹೊರಮೈಯನ್ನು ಕಟ್ಟುವುದು ಇಂದು ಹಲವು ದೇಶಗಳಿಗೆ ಸಾಧ್ಯ. ಅದರ ಬಿಸಿಭಾಗಗಳನ್ನು ಮಾಡಬಲ್ಲ ದೇಶಗಳು ಮಾತ್ರ ಬೆರಳೆಣಿಕೆಯಷ್ಟು. ಬಿಸಿಭಾಗದ ಗುಟ್ಟು ಅಡಗಿರುವುದು ಲೋಹ ಮತ್ತು ಸೆರಾಮಿಕ್ ಕೂಡುವ ಜಾಗದಲ್ಲಿ. ಆ ಕೂಡಿಕೆಯಲ್ಲಿ ಗೆರೆಯೇ ಉಳಿಯದಂತೆ ಒಂದನ್ನು ಇನ್ನೊಂದಾಗಿ ನಿಧಾನಕ್ಕೆ ಮಾರ್ಪಡಿಸುವ ವಿದ್ಯೆಗೆ ವಿಜ್ಞಾನಿಗಳು ಇಟ್ಟ ಹೆಸರು ‘ಫಂಕ್ಷನಲಿ ಗ್ರೇಡೆಡ್ ಮೆಟೀರಿಯಲ್’. ಕನ್ನಡದಲ್ಲಿ ಶ್ರೇಣೀಕೃತ ಸಂಯುಕ್ತ ವಸ್ತು ಎನ್ನಬಹುದು.

ಚಳ್ಳಕೆರೆಯ ಇಳಿಕೆ ಹೇಳದ ಮಾತು

ಈ ವಿದ್ಯೆ ಯಾಕೆ ಬೇಕು ಎಂಬುದಕ್ಕೆ ರಾಜ್ಯದ ನೆಲದಲ್ಲೇ ಉತ್ತರವಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸಮೀಪದ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ ಮರುಬಳಕೆ ಉಡಾವಣಾ ವಾಹನವನ್ನು ಮೂರು ಬಾರಿ ಇಳಿಸಿ ತೋರಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು. ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಕೈಬಿಟ್ಟ ರೆಕ್ಕೆಯ ವಾಹನ ತಾನಾಗಿಯೇ ದಾರಿ ಹುಡುಕಿಕೊಂಡು ಓಡುದಾರಿ ಮುಟ್ಟಿತು. ಇದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಇಳಿಯುವ ವಾಹನಕ್ಕೆ ಬಿಸಿ ತಾಗುವುದಿಲ್ಲ. ಕಕ್ಷೆಯಿಂದ ಮರಳುವ ವಾಹನ ಶಬ್ದದ ಇಪ್ಪತ್ತೈದು ಪಟ್ಟು ವೇಗದಲ್ಲಿ ವಾಯುಮಂಡಲಕ್ಕೆ ನುಗ್ಗುತ್ತದೆ. ಮೂತಿ ಮತ್ತು ರೆಕ್ಕೆಯಂಚು ಕೆಂಡವಾಗುತ್ತವೆ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿದ ಇದೇ ಸರಣಿಯ ಮೊದಲ ವಾಹನ 65 ಕಿ.ಮೀ. ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿತು. ಅದರ ಒಡಲಿಗೆ ಶಾಖ ತಡೆಯುವ ಸುಮಾರು 600 ಹೆಂಚುಗಳನ್ನು ಅಂಟಿಸಲಾಗಿತ್ತು. ಕಕ್ಷೆಯಿಂದ ಮರಳುವ ಪರೀಕ್ಷೆ ಇದಕ್ಕಿಂತ ಎಷ್ಟೋ ಪಟ್ಟು ಕಠಿಣವಾದದ್ದು.

ಅಂಟಿಸಿದ ಹೆಂಚಿನ ಕಷ್ಟವನ್ನು ಅಮೆರಿಕ ಮೊದಲೇ ಉಂಡಿದೆ. ಬಾಹ್ಯಾಕಾಶ ನೌಕೆ ಕೊಲಂಬಿಯಾದ ಮೈ ಅಲ್ಯುಮಿನಿಯಂನದು, ಹೆಂಚು ಸಿಲಿಕಾದ್ದು. ಕಾದಾಗ ಅಲ್ಯುಮಿನಿಯಂ ಹಿಗ್ಗುತ್ತದೆ, ಸಿಲಿಕಾ ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ನೇರವಾಗಿ ಅಂಟಿಸಿದರೆ ಹೆಂಚು ಒಡೆಯುತ್ತದೆ. ಅದಕ್ಕಾಗಿ ನಡುವೆ ಮೆತ್ತನೆಯ ಬಟ್ಟೆಯ ಪದರ ಇಡಬೇಕಾಯಿತು. ಹೀಗಿದ್ದೂ 1979ರಲ್ಲಿ ನೌಕೆಯನ್ನು ವಿಮಾನದ ಬೆನ್ನ ಮೇಲೆ ಸಾಗಿಸುವಾಗ ಹೆಂಚುಗಳು ಉದುರಿದವು. ಮೊದಲ ಯಾನ 1981ರ ಏಪ್ರಿಲ್‌ವರೆಗೆ ತಡವಾಗಲು ಹೆಂಚುಗಳ ರಗಳೆಯೂ ಒಂದು ಕಾರಣ. ಅದೇ ಕೊಲಂಬಿಯಾ 2003ರ ಫೆಬ್ರುವರಿ 1ರಂದು ಮರಳಿ ಬರುವಾಗ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯೊಂದಿಗೆ ಛಿದ್ರವಾಯಿತು. ಅಂದು ಏಟು ತಿಂದದ್ದು ಹೆಂಚಲ್ಲ, ಎಡರೆಕ್ಕೆಯ ಅಂಚಿನ ಇಂಗಾಲದ ಫಲಕ. ಆದರೂ ಪಾಠ ಒಂದೇ: ಶಾಖ ತಡೆಯುವ ಚಿಪ್ಪಿನಲ್ಲಿ ಬಿರುಕಿಗೆ ಕ್ಷಮೆಯಿಲ್ಲ.

ಸೆಂಡಾಯ್‌ನಲ್ಲಿ ಹುಟ್ಟಿದ ವಿಚಾರ

ಹೆಂಚು ಅಂಟಿಸುವ ಬದಲು ಗೋಡೆಯನ್ನೇ ಬೇರೆ ರೀತಿ ಕಟ್ಟಿದರೆ ಹೇಗೆ? 1984ರಲ್ಲಿ ಜಪಾನಿನ ಸೆಂಡಾಯ್ ಪ್ರದೇಶದ ವಿಜ್ಞಾನಿಗಳು ಬಾಹ್ಯಾಕಾಶ ವಿಮಾನವೊಂದರ ಯೋಚನೆಯಲ್ಲಿದ್ದಾಗ ಎದುರಿಸಿದ ಪ್ರಶ್ನೆ ಇದು. ಒಂದು ಕಡೆ 2,000 ಕೆಲ್ವಿನ್, ಇನ್ನೊಂದು ಕಡೆ 1,000 ಕೆಲ್ವಿನ್. ನಡುವಿನ ಗೋಡೆಯ ದಪ್ಪ 10 ಮಿ.ಮೀ.ಗಿಂತ ಕಡಿಮೆ ಇರಬೇಕು. ಯಾವ ಒಂದೇ ವಸ್ತುವಿಗೂ ಇದು ಸಾಧ್ಯವಿರಲಿಲ್ಲ. ಸೆರಾಮಿಕ್ ಬಿಸಿ ತಾಳುತ್ತದೆ, ಆದರೆ ಏಟಿಗೆ ಒಡೆಯುತ್ತದೆ. ಲೋಹ ಏಟು ತಾಳುತ್ತದೆ, ಬಿಸಿಗೆ ಮೆತ್ತಗಾಗುತ್ತದೆ.

ಎರಡನ್ನೂ ಬೆಸೆದರೆ ತಪ್ಪೇನು ಎನ್ನಬಹುದು. ತೊಡಕು ಇರುವುದು ಬೆಸುಗೆಯ ಗೆರೆಯಲ್ಲಿ. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಸರಳು 100 ಡಿಗ್ರಿ ಹೆಚ್ಚು ಕಾದರೆ ಸುಮಾರು 2.3 ಮಿ.ಮೀ. ಹಿಗ್ಗುತ್ತದೆ; ಅಷ್ಟೇ ಉದ್ದದ ಅಲ್ಯುಮಿನಾ ಸರಳು ಸುಮಾರು 0.8 ಮಿ.ಮೀ. ಮಾತ್ರ. ಒಂದನ್ನೊಂದು ಕಚ್ಚಿ ಹಿಡಿದಿರುವಾಗ ಒಂದು ಎಳೆದರೆ ಇನ್ನೊಂದು ತಡೆಯುತ್ತದೆ. ಆ ಎಳೆದಾಟವೆಲ್ಲ ಗೆರೆಯ ಮೇಲೆ ಬೀಳುತ್ತದೆ. ಕಾದು ಆರುವ ಪ್ರತಿ ಸುತ್ತಿಗೂ ಬಿರುಕು ಬೆಳೆದು, ಕೊನೆಗೊಂದು ದಿನ ಸೆರಾಮಿಕ್ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ.

ಜಪಾನೀಯರ ಉತ್ತರ ಸರಳವಾಗಿತ್ತು: ಗೆರೆಯನ್ನೇ ಇಲ್ಲವಾಗಿಸುವುದು. ಒಂದು ಬದಿಯಲ್ಲಿ ಪೂರ್ತಿ ಲೋಹ, ಇನ್ನೊಂದು ಬದಿಯಲ್ಲಿ ಪೂರ್ತಿ ಸೆರಾಮಿಕ್, ನಡುವೆ ಲೋಹದ ಪಾಲು ತಗ್ಗುತ್ತ ಸೆರಾಮಿಕ್‌ನ ಪಾಲು ಏರುತ್ತ ಹೋಗುವ ಮಿಶ್ರಣ. 1987ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರೀಯ ಯೋಜನೆಯಾಗಿ ಕೈಗೆತ್ತಿಕೊಂಡಿತು. 1990ರಲ್ಲಿ ಸೆಂಡಾಯ್‌ನಲ್ಲೇ ಈ ವಿಷಯದ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು.

ವಿಚಾರ ಹೊಸದಾದರೂ ಮಾದರಿ ಹಳೆಯದು. ಮಲೆನಾಡಿನ ಬಿದಿರನ್ನು ಅಡ್ಡ ಸೀಳಿದರೆ ಹೊರಮೈ ಬಳಿ ನಾರು ಒತ್ತಾಗಿಯೂ ಒಳಮೈ ಬಳಿ ವಿರಳವಾಗಿಯೂ ಇರುವುದು ಕಾಣುತ್ತದೆ. ಗಾಳಿಗೆ ಬಾಗುವಾಗ ಹೆಚ್ಚು ಸೆಳೆತ ಬೀಳುವುದು ಹೊರಗೆ. ನಾರು ಹೆಚ್ಚಿರುವುದೂ ಅಲ್ಲೇ. ಮನುಷ್ಯನ ಹಲ್ಲು, ಮೂಳೆಗಳ ರಚನೆಯೂ ಹೀಗೆಯೇ.

ಮಾಡುವುದರಲ್ಲಿದೆ ಕಷ್ಟ

ಕಾಗದದ ಮೇಲೆ ಇಷ್ಟು ಸುಲಭವಾಗಿ ಕಾಣುವುದನ್ನು ಕುಲುಮೆಯಲ್ಲಿ ಮಾಡುವುದು ಕಷ್ಟ. ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು ಪುಡಿಯ ದಾರಿ. ನಿಕ್ಕಲ್ ಪುಡಿ, ಅಲ್ಯುಮಿನಾ ಪುಡಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಪದರದ ಮೇಲೆ ಪದರ ಹರಡಿ, ಒತ್ತಿ, ಕರಗದಷ್ಟು ಬಿಸಿಯಲ್ಲಿ ಕಾಯಿಸಿ ಕಣಗಳನ್ನು ಬೆಸೆಯುವುದು. ಈ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು. ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಯೇ ಹೋಗುತ್ತದೆ. ಅಲ್ಯುಮಿನಾ ಚೆನ್ನಾಗಿ ಗಟ್ಟಿಯಾಗಲು ಸಾಮಾನ್ಯವಾಗಿ 1,500 ಡಿಗ್ರಿಯ ಆಸುಪಾಸು ಬೇಕು. ಒಂದೇ ಒಲೆಯಲ್ಲಿ ಎರಡನ್ನೂ ಬೇಯಿಸಬೇಕು. ಮೇಲಾಗಿ ಪ್ರತಿ ಪದರವೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ. ಹಸಿ ಮಡಕೆಗೆ ಒಣಗಿದ ಹಿಡಿ ಅಂಟಿಸಿದರೆ ಏನಾಗುತ್ತದೆಂದು ಯಾವ ಕುಂಬಾರನೂ ಬಲ್ಲ. ಇಲ್ಲಿಯೂ ಅದೇ ಗತಿ: ತುಂಡು ಬಿಲ್ಲಿನಂತೆ ಬಾಗುತ್ತದೆ ಇಲ್ಲವೇ ಪದರ ಬಿಡುತ್ತದೆ. ಪುಡಿಯ ಕಣಗಳ ಗಾತ್ರವನ್ನು ಪದರ ಪದರಕ್ಕೂ ಹೊಂದಿಸಿ ಕುಗ್ಗುವಿಕೆಯನ್ನು ಸಮ ಮಾಡುವುದು ಒಂದು ಉಪಾಯ. ವಿದ್ಯುತ್ ಮಿಡಿತ ಮತ್ತು ಒತ್ತಡವನ್ನು ಒಟ್ಟಿಗೆ ಹಾಯಿಸಿ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುವ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಇನ್ನೊಂದು ಉಪಾಯ. ಆದರೆ ಅದರಲ್ಲಿ ಮಾಡಬಹುದಾದುದು ಬಹುಮಟ್ಟಿಗೆ ಬಿಲ್ಲೆಯಂಥ ಸರಳ ಆಕಾರಗಳು ಮಾತ್ರ.

ಎರಡನೆಯದು ತಿರುಗಿಸುವ ದಾರಿ. ಕರಗಿದ ಅಲ್ಯುಮಿನಿಯಂನಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಕಲಸಿ, ವೇಗವಾಗಿ ತಿರುಗುವ ಅಚ್ಚಿಗೆ ಸುರಿಯಲಾಗುತ್ತದೆ. ಹಾಲಿನಿಂದ ಕೆನೆ ಬೇರ್ಪಡಿಸುವ ಡೇರಿ ಯಂತ್ರದ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ: ಭಾರವಾದ ಕಣಗಳು ಹೊರಗೆ ಸರಿಯುತ್ತವೆ. ಹೊರಮೈ ಸವೆಯದಷ್ಟು ಗಡುಸು, ಒಳಮೈ ಒಡೆಯದಷ್ಟು ಮಿದು. ತಿರುವನಂತಪುರದ ಸಿಎಸ್‌ಐಆರ್ ಪ್ರಯೋಗಾಲಯ ಎನ್‌ಐಐಎಸ್‌ಟಿ ಈ ವಿಧಾನದಲ್ಲಿ ವರ್ಷಗಳಿಂದ ಕೆಲಸ ಮಾಡಿದೆ. ಇಲ್ಲಿಯೂ ತೊಡಕು ತಪ್ಪಿದ್ದಲ್ಲ. ಮಿಶ್ರಲೋಹದಲ್ಲಿ ಸಿಲಿಕಾನ್ ಸಾಕಷ್ಟು ಇಲ್ಲದಿದ್ದರೆ ಕಾರ್ಬೈಡ್ ಕಣಗಳು ಅಲ್ಯುಮಿನಿಯಂ ಜತೆ ವರ್ತಿಸಿ, ತೇವ ತಾಗಿದರೆ ಕೊಳೆಯುವ ಬೇರೊಂದು ಸಂಯುಕ್ತವಾಗುತ್ತವೆ. ಸುರಿಯುವ ಬಿಸಿ, ತಿರುಗುವ ವೇಗ, ಅಚ್ಚು ತಣ್ಣಗಾಗುವ ಗತಿ, ಯಾವುದು ಸ್ವಲ್ಪ ಬದಲಾದರೂ ಕಣಗಳು ನಿಲ್ಲುವ ಜಾಗ ಬದಲಾಗುತ್ತದೆ.

ಮೂರನೆಯದು ಸಿಂಪಡಿಸುವ ದಾರಿ. ಉರಿಯುವ ಪ್ಲಾಸ್ಮಾದಲ್ಲಿ ಪುಡಿಯನ್ನು ಕರಗಿಸಿ ಲೋಹದ ಮೇಲೆ ಎರಚುವುದು, ಎರಚುತ್ತ ಹೋದಂತೆ ಪುಡಿಯ ಪ್ರಮಾಣ ಬದಲಿಸುವುದು. ನಾಲ್ಕನೆಯದು ತೀರ ಈಚಿನ ಮುದ್ರಣದ ದಾರಿ: ಎರಡು ಬಟ್ಟಲುಗಳಿಂದ ಎರಡು ಪುಡಿ ಸುರಿಯುತ್ತ, ಲೇಸರ್‌ನಿಂದ ಕರಗಿಸುತ್ತ, ಪದರ ಪದರವಾಗಿ ಭಾಗವನ್ನು ಬೆಳೆಸುವುದು.

ನಾಲ್ಕು ದಾರಿಗಳಿಗೂ ಸಮಾನವಾದ ಒಂದು ಸಂಗತಿಯುಂಟು. ಉಕ್ಕನ್ನು ಒಂದು ಕಡೆ ಕೊಂಡು ಇನ್ನೊಂದು ಕಡೆ ಕಡೆಯಬಹುದು. ಶ್ರೇಣೀಕೃತ ವಸ್ತುವನ್ನು ಹಾಗೆ ಕೊಳ್ಳಲು ಬರುವುದಿಲ್ಲ. ಭಾಗ ರೂಪುಗೊಳ್ಳುವ ಗಳಿಗೆಯಲ್ಲೇ ವಸ್ತುವೂ ರೂಪುಗೊಳ್ಳುತ್ತದೆ. ಆದ್ದರಿಂದ ಇಲ್ಲಿ ಬೆಲೆ ಇರುವುದು ಕುಲುಮೆ ನಡೆಸುವವರ ಅನುಭವಕ್ಕೆ. ಸೂತ್ರ ಪ್ರಬಂಧಗಳಲ್ಲಿ ಸಿಗುತ್ತದೆ, ಕೈಪಳಗು ಸಿಗುವುದಿಲ್ಲ.

ಪೀಣ್ಯದಲ್ಲಿ ಸದ್ದಿಲ್ಲದ ಗೆಲುವು

ಇದೆಲ್ಲ ಪ್ರಯೋಗಾಲಯದ ಆಟವೇ ಎಂದು ಕೇಳುವವರಿಗೆ ಉತ್ತರ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲೇ ಇದೆ. ಉಕ್ಕು ಕಡೆಯುವ ಯಂತ್ರಗಳಲ್ಲಿ ಬಳಸುವ ಲೇಪಿತ ಟಂಗ್‌ಸ್ಟನ್ ಕಾರ್ಬೈಡ್ ಅಲಗುಗಳಲ್ಲಿ ಹಲವು ಶ್ರೇಣೀಕೃತವಾದವೇ. ಗಡುಸಾದ ಕಾರ್ಬೈಡ್ ಕಣಗಳನ್ನು ಕೋಬಾಲ್ಟ್ ಲೋಹ ಹಿಡಿದಿಟ್ಟಿರುತ್ತದೆ. ಕಾರ್ಬೈಡ್ ಮಿಶ್ರಣದಲ್ಲಿ ಸ್ವಲ್ಪ ಸಾರಜನಕ ಸೇರಿಸಿ ನಿರ್ವಾತದಲ್ಲಿ ಕಾಯಿಸಿದರೆ ಸಾರಜನಕ ಹೊರಹೋಗುತ್ತದೆ, ಟೈಟಾನಿಯಂ ಒಳಸರಿಯುತ್ತದೆ, ತೆರವಾದ ಜಾಗಕ್ಕೆ ಕೋಬಾಲ್ಟ್ ಬರುತ್ತದೆ. ಹೀಗೆ ಮೇಲ್ಮೈಯ ಕೆಳಗೆ ಕೂದಲೆಳೆಗಿಂತ ತೆಳುವಾದ, ಲೋಹ ಹೆಚ್ಚಿರುವ ಒಂದು ಪಟ್ಟಿ ಏರ್ಪಡುತ್ತದೆ. ಹೊರಲೇಪನದಲ್ಲಿ ಹುಟ್ಟಿದ ಬಿರುಕು ಅಲ್ಲಿಗೆ ಬಂದು ನಿಲ್ಲುತ್ತದೆ. ಅಲಗು ಬದಲಿಸುವ ಕಾರ್ಮಿಕನಿಗೆ ಇದು ತಿಳಿದಿರಬೇಕಿಲ್ಲ. ಅಲಗು ಹೆಚ್ಚು ಹೊತ್ತು ಬಾಳುತ್ತದೆ ಎಂಬುದಷ್ಟೇ ಅವನ ಅನುಭವ.

ಗೆಲುವಿನ ಜತೆ ಸೋಲನ್ನೂ ಹೇಳಬೇಕು. ಜೆಟ್ ಎಂಜಿನ್ನಿನ ಟರ್ಬೈನ್ ಅಲಗುಗಳ ಮೇಲಿನ ಉಷ್ಣತಡೆ ಲೇಪನವನ್ನು ಶ್ರೇಣೀಕರಿಸುವ ಯತ್ನಗಳು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಸೆರಾಮಿಕ್‌ನ ನಡುವೆ ಚದುರಿದ ಲೋಹದ ಕಣಗಳು ಆ ಬಿಸಿಯಲ್ಲಿ ಆಕ್ಸಿಜನ್ ಹೀರಿ ಉಬ್ಬಿ, ತಾವೇ ಬಿರುಕಿಗೆ ಕಾರಣವಾದವು. ಹಾಗಾಗಿ ಅಲ್ಲಿ ಇಂದಿಗೂ ಪ್ರಧಾನವಾಗಿರುವುದು ಪದರಗಳ ಲೇಪನವೇ: ನಿಕ್ಕಲ್ ಮಿಶ್ರಲೋಹದ ಮೇಲೆ ಹಿಡಿತದ ಒಂದು ಪದರ, ಅದರ ಮೇಲೆ ಶೇ 7-8ರಷ್ಟು ಇಟ್ರಿಯಾ ಬೆರೆತ ಜಿರ್ಕೋನಿಯಾ. ಎಲ್ಲ ರೋಗಕ್ಕೂ ಒಂದೇ ಮದ್ದಿಲ್ಲ. ಎಲ್ಲಿ ಶ್ರೇಣಿ ಬೇಕು, ಎಲ್ಲಿ ಪದರ ಸಾಕು ಎಂಬ ವಿವೇಕವೂ ಈ ವಿದ್ಯೆಯ ಭಾಗವೇ. ಆ ವಿವೇಕ ಬರುವುದು ಮಾಡಿ, ಕೆಡಿಸಿ, ಮತ್ತೆ ಮಾಡಿದವರಿಗೆ.

ಕೊಂಡದ್ದಕ್ಕೂ ಕಾಯಬೇಕಾದ ದೇಶ

ಮಾಡದೇ ಉಳಿದುದರ ಬೆಲೆಯನ್ನು ಭಾರತ ತೆರುತ್ತಲೇ ಬಂದಿದೆ. ಬೆಂಗಳೂರಿನ ಜಿಟಿಆರ್‌ಇಗೆ ಕಾವೇರಿ ಎಂಜಿನ್ ಯೋಜನೆ ಮಂಜೂರಾದದ್ದು 1989ರಲ್ಲಿ. 2008ರಲ್ಲಿ ಅದನ್ನು ತೇಜಸ್ ಯುದ್ಧವಿಮಾನದಿಂದ ಬೇರ್ಪಡಿಸಲಾಯಿತು. ಕಾರಣಗಳು ಹಲವು, ಬಿಸಿಭಾಗದ ಲೋಹ ಮತ್ತು ಲೇಪನಗಳಲ್ಲಿ ಪರಿಣತಿ ಸಾಲದೇ ಹೋದದ್ದು ಅವುಗಳಲ್ಲೊಂದು. 2021ರ ಆಗಸ್ಟ್‌ನಲ್ಲಿ ಎಚ್‌ಎಎಲ್ ಅಮೆರಿಕದ ಜಿಇ ಕಂಪನಿಗೆ 99 ಎಂಜಿನ್‌ಗಳ ಬೇಡಿಕೆ ಸಲ್ಲಿಸಿತು. ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. 2023ರ ಜೂನ್‌ನಲ್ಲಿ ಎಫ್-414 ಎಂಜಿನ್ ಕುರಿತ ಒಡಂಬಡಿಕೆಗೆ ಸಹಿ ಬಿತ್ತು. ವರ್ಗಾವಣೆಯಾಗಲಿರುವ ತಂತ್ರಜ್ಞಾನಗಳ ಪಟ್ಟಿಯಲ್ಲಿ ಉಷ್ಣತಡೆ ಲೇಪನವೂ ಇದೆಯೆಂದು ವರದಿಯಾಯಿತು. 2025ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಸಫ್ರಾನ್ ಕಂಪನಿಯೊಂದಿಗೆ ಎಂಜಿನ್ ತಯಾರಿಸುವ ನಿರ್ಧಾರವನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಪ್ರಕಟಿಸಿದರು.

ಇವೆಲ್ಲ ಸ್ವಾಗತಾರ್ಹ. ಆದರೆ ಒಪ್ಪಂದದಿಂದ ಬರುವುದು ನಕ್ಷೆ ಮತ್ತು ಕ್ರಮಸೂಚಿ. ಪುಡಿ ಬದಲಾದಾಗ, ಒಲೆ ಬದಲಾದಾಗ ಆ ಸೂಚಿಯನ್ನು ತಿದ್ದಿಕೊಳ್ಳುವ ಬುದ್ಧಿ ಒಪ್ಪಂದದ ಜತೆ ಬರುವುದಿಲ್ಲ.

ಪುಡಿ ಬದಲಾಗುವುದು ಊಹೆಯ ಮಾತಲ್ಲ. ಚೀನಾ 2025ರ ಫೆಬ್ರುವರಿ 4ರಂದು ಟಂಗ್‌ಸ್ಟನ್ ಸೇರಿ ಐದು ಲೋಹಗಳ, ಏಪ್ರಿಲ್ 4ರಂದು ಇಟ್ರಿಯಂ ಸೇರಿ ಏಳು ವಿರಳ ಭಸ್ಮ ಧಾತುಗಳ ರಫ್ತಿಗೆ ನಿರ್ಬಂಧ ಹೇರಿತು. ಒಂದು ಪೀಣ್ಯದ ಅಲಗಿನ ಮೂಲದ್ರವ್ಯ. ಇನ್ನೊಂದು ಎಂಜಿನ್ ಲೇಪನದ ಜೀವ. ಇಟ್ರಿಯಾ ಇಲ್ಲದ ಜಿರ್ಕೋನಿಯಾ ಆರುವಾಗ ಸ್ಫಟಿಕ ರೂಪ ಬದಲಿಸಿ, ಉಬ್ಬಿ, ತಾನೇ ಒಡೆದುಕೊಳ್ಳುತ್ತದೆ. ಭಾರತದ ಕಡಲತೀರದ ಮರಳಿನಲ್ಲಿ ಜಿರ್ಕಾನ್ ಇದೆ. ಅದರೊಂದಿಗೇ ಇರುವ ಮೊನಾಜೈಟ್‌ನಲ್ಲಿ ಹಗುರ ವಿರಳ ಧಾತುಗಳೇ ಹೆಚ್ಚು, ಇಟ್ರಿಯಂ ಅತ್ಯಲ್ಪ. ಪದಾರ್ಥ ತುಟ್ಟಿಯಾದಾಗ ಬೇಕಾದಲ್ಲಿ ಮಾತ್ರ ಬೇಕಾದಷ್ಟೇ ಹಾಕುವ ವಿದ್ಯೆಗೆ ಬೆಲೆ ಏರುತ್ತದೆ. ಶ್ರೇಣೀಕರಣದ ಮೂಲತತ್ವವೂ ಅದೇ.

ಅಳೆಯುವವರು ಯಾರು?

ದೇಶದಲ್ಲಿ ವಿದ್ಯೆ ಇಲ್ಲವೆಂದಲ್ಲ. ಹೈದರಾಬಾದಿನ ಎಆರ್‌ಸಿಐ ಪುಡಿಲೋಹ ವಿಜ್ಞಾನಕ್ಕೆಂದೇ ಇರುವ ಸಂಸ್ಥೆ. ತನ್ನ ಲೇಪನ ತಂತ್ರವನ್ನು ಉದ್ಯಮಿಗಳಿಗೆ ದಾಟಿಸಿದ ಅನುಭವವೂ ಅದಕ್ಕಿದೆ. 2024ರ ಮೇ 9ರಂದು ಇಸ್ರೊ ಪರೀಕ್ಷಿಸಿದ ಪಿಎಸ್‌ಎಲ್‌ವಿ ನಾಲ್ಕನೇ ಹಂತದ ಎಂಜಿನ್ 665 ಸೆಕೆಂಡ್ ಉರಿಯಿತು. ಅದನ್ನು ಮುದ್ರಿಸಿಕೊಟ್ಟದ್ದು ವಿಪ್ರೊ 3ಡಿ. ಹದಿನಾಲ್ಕು ಭಾಗಗಳು ಒಂದಾಗಿ, 19 ಬೆಸುಗೆಗಳು ಇಲ್ಲವಾದವು. ಅದು ಒಂದೇ ಲೋಹದ ಎಂಜಿನ್, ನಿಜ. ಆಕಾರದ ಬೆಸುಗೆ ಅಳಿಸಲು ಕಲಿತವರು ಮುಂದೆ ವಸ್ತುವಿನ ಬೆಸುಗೆಯನ್ನೂ ಅಳಿಸಲು ಹೊರಡಬಹುದು.

ಅಲ್ಲಿ ಎದುರಾಗುವ ದೊಡ್ಡ ಗೋಡೆ ಪ್ರಮಾಣೀಕರಣ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ದೃಢೀಕರಿಸುವ ಸೆಮಿಲ್ಯಾಕ್ ಇರುವುದೂ ಬೆಂಗಳೂರಿನಲ್ಲೇ. ಯಾವುದೇ ಭಾಗಕ್ಕೆ ಒಪ್ಪಿಗೆ ಕೊಡುವ ಮುನ್ನ ಅದರ ಬಲವೆಷ್ಟು, ಗಡಸುತನವೆಷ್ಟು, ಎಷ್ಟು ಸುತ್ತು ಬಾಳುತ್ತದೆ ಎಂದು ಕೇಳಬೇಕಾಗುತ್ತದೆ. ಮಿಲಿಮೀಟರಿಗೊಂದು ಗುಣ ಇರುವ ವಸ್ತುವಿಗೆ ಒಂದೇ ಉತ್ತರವಿಲ್ಲ. ಒಂದು ಚೆನ್ನಾಗಿ ಬಂದರೆ ಸಾಲದು. ನೂರನೆಯದೂ ಮೊದಲನೆಯದರಂತೆಯೇ ಬಂದಿದೆಯೆಂದು ಒಡೆಯದೇ ತೋರಿಸಬೇಕು. ಅದಕ್ಕೆ ಒಳಹೊಕ್ಕು ನೋಡುವ ಎಕ್ಸ್-ರೇ ಸ್ಕ್ಯಾನ್, ಕಾಯಿಸಿ ಆರಿಸುವ ಸಾವಿರಾರು ಸುತ್ತುಗಳ ಪರೀಕ್ಷೆ, ಎಲ್ಲರೂ ಒಪ್ಪುವ ಮಾನದಂಡ ಬೇಕು. ಸಂಶೋಧನಾ ಪ್ರಬಂಧಕ್ಕೆ ಹತ್ತು ಮಾದರಿಗಳು ಸಾಕು. ಸೋತ ಮಾದರಿಗಳ ಲೆಕ್ಕ ಅಲ್ಲಿ ಅಚ್ಚಾಗುವುದು ಅಪರೂಪ. ಉದ್ಯಮಕ್ಕೆ ಬೇಕಾದದ್ದು ಆ ಸೋಲಿನ ಲೆಕ್ಕವೇ.

ಹಣದ ಮಾತೂ ಬರುತ್ತದೆ. 2020-21ರ ಲೆಕ್ಕದಂತೆ ಭಾರತ ಸಂಶೋಧನೆಗೆ ವ್ಯಯಿಸಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು. 2025ರ ಜುಲೈ 1ರಂದು ಕೇಂದ್ರ ಸಂಪುಟ ಖಾಸಗಿ ವಲಯದ ಸಂಶೋಧನೆಗೆ ನೆರವಾಗುವ ಒಂದು ಲಕ್ಷ ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ನೀಡಿತು. ಅದರಲ್ಲಿ ಒಂದು ಪಾಲು ಪೀಣ್ಯದ ಸಣ್ಣ ಕಾರ್ಖಾನೆಯೂ ಬಾಡಿಗೆಗೆ ಬಳಸಬಹುದಾದ ಸಾರ್ವಜನಿಕ ಕುಲುಮೆ, ಪರೀಕ್ಷಾ ಕೇಂದ್ರಗಳಿಗೆ ಸಂದರೆ ಪ್ರಯೋಗಾಲಯದ ಬಿಲ್ಲೆ ಕಾರ್ಖಾನೆಯ ಭಾಗವಾಗುವ ದಾರಿ ತೆರೆದೀತು. ಹೊಸ ಯಂತ್ರ ಕೊಂಡು ಉದ್ಘಾಟಿಸುವುದಷ್ಟೇ ಆದರೆ, ಯಂತ್ರ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ.

ನೆಲಕ್ಕಿಂತ ಮೊದಲು

ಇಂಥ ಕುಲುಮೆಗೆ ಸಾವಿರಾರು ಎಕರೆ ಬೇಡ. ಬೇಕಾಗಿರುವುದು ಇಪ್ಪತ್ತು ವರ್ಷ ಒಂದೇ ಕೆಲಸದಲ್ಲಿ ನಿಲ್ಲಬಲ್ಲ ತಂಡ, ಹಾಳಾದ ತುಂಡುಗಳ ಲೆಕ್ಕವನ್ನು ಸಹಿಸುವ ಲೆಕ್ಕಪರಿಶೋಧನೆ, ಒಂದೇ ಸುಳ್ಳು ಗೆರೆಯಿಂದ ಎಲ್ಲ ಒಡೆಯುತ್ತದೆಂಬ ಎಚ್ಚರ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಈ ಉದ್ಯಮಕ್ಕೂ ಸಲ್ಲುತ್ತದೆ. ದೇವನಹಳ್ಳಿಯ ರೈತರು ತಮ್ಮ ನೆಲ ಉಳಿಸಿಕೊಂಡರು. ವೈಮಾನಿಕ ರಾಜಧಾನಿ ಎಂಬ ಹೆಸರನ್ನು ಉಳಿಸಿಕೊಳ್ಳುವ ಇಚ್ಛೆ ರಾಜ್ಯಕ್ಕಿದ್ದರೆ, ಅದು ನೆಲದ ಲೆಕ್ಕ ಬಿಟ್ಟು ಕುಲುಮೆಯ ಲೆಕ್ಕ ಹಿಡಿಯಬೇಕು. ಚಳ್ಳಕೆರೆಯಲ್ಲಿ ಇಳಿದ ವಾಹನದ ಮುಂದಿನ ಪೀಳಿಗೆ ಒಂದು ದಿನ ಕಕ್ಷೆಯಿಂದ ಮರಳಲಿದೆ. ಅಂದು ಅದರ ಮೈಮೇಲಿನ ಹತ್ತು ಮಿಲಿಮೀಟರ್ ಗೋಡೆ ಯಾರ ಕುಲುಮೆಯಲ್ಲಿ ಬೆಂದದ್ದು ಎಂಬ ಪ್ರಶ್ನೆಗೆ ಉತ್ತರವನ್ನು ಇಂದೇ ಸಿದ್ಧಪಡಿಸಬೇಕಾಗಿದೆ.